ದೆವ್ವಕ್ಕೆ ಥೆರಪಿ ಬೇಡ ಸ್ವಾಮಿ

ಮೊನ್ನೆ ಆಫೀಸ್ ಕ್ಯಾಂಟೀನಿನಲ್ಲಿ ಊಟ ಮಾಡ್ತಾ ಗೆಳತಿಯೊಬ್ಬಳಿಗೆ ನಾನು ಓದುತ್ತಿರುವ ಮಾಂಗಾದ ಕಥೆ ಹೇಳ್ತಿದ್ದೆ. ಶಾಲೆಯ ಹುಡುಗಿಯರ ಟಾಯ್ಲೆಟ್ಟಿನಲ್ಲಿ ಒಬ್ಬ ಹುಡುಗನ ದೆವ್ವ ಇದೆ. ಕೈಯಲ್ಲಿ ಚಾಕು, ಕೆನ್ನೆಯ ಮೇಲೆ ಮಂತ್ರದ ಚೀಟಿ. ಬದುಕಿದ್ದಾಗ ತನ್ನ ಅವಳಿ ತಮ್ಮನನ್ನೇ ಕೊಂದವನು. ನಾನು ಇಷ್ಟು ಹೇಳುವಷ್ಟರಲ್ಲಿ ಅವಳು ಅನ್ನ ಕಲಸುತ್ತಲೇ ತೀರ್ಪು ಕೊಟ್ಟುಬಿಟ್ಟಳು: "ಅದು ದೆವ್ವ ಅಲ್ಲ ಕಣೇ, ಟ್ರಾಮಾ."

ಪಕ್ಕದಲ್ಲಿದ್ದ ಇನ್ನಿಬ್ಬರೂ ತಲೆಯಾಡಿಸಿದರು. ಅಲ್ಲಿಗೆ ದೆವ್ವ ಸತ್ತಿತು, ಎರಡನೇ ಸಲ.

ಈ ಮಾತನ್ನು ತಲೆಚಿಟ್ಟು ಹಿಡಿಯುವಷ್ಟು ಕೇಳಿದ್ದೇನೆ. ಯಾವ ಹಾರರ್ ಕಥೆ ತೆಗೆದುಕೊಳ್ಳಿ, ಅದಕ್ಕೊಂದು ಅರ್ಥಕೋಶ ಸಿದ್ಧವಾಗಿರುತ್ತೆ. ಕನ್ನಡಿ ಅಂದರೆ ಒಡೆದ ವ್ಯಕ್ತಿತ್ವ. ಮೆಟ್ಟಿಲು ಅಂದರೆ ಸುಪ್ತಮನಸ್ಸು. ನೀರು ಅಂದರೆ ಅದುಮಿಟ್ಟ ಭಾವನೆ. ಹತ್ತು ನಿಮಿಷದ ವಿಡಿಯೋ ನೋಡಿದರೆ ಮುಗಿಯಿತು, ಎಲ್ಲ ಗುಟ್ಟೂ ಬಯಲು. ನಾವು ಮೂಢನಂಬಿಕೆಯವರಲ್ಲ, ಸೈಕಾಲಜಿ ಗೊತ್ತಿರೋರು ಅನ್ನುವ ನೆಮ್ಮದಿ ಬೇರೆ ಸಿಗುತ್ತೆ. ನನ್ನ ಜಗಳ ಇರೋದು ಈ ನೆಮ್ಮದಿಯ ಜೊತೆ.

ಮಾಂಗಾದ ಹೆಸರು 'ಜಿಬಾಕು ಶೋನೆನ್ ಹನಾಕೊ-ಕುನ್'. ಐದಾಇರೊ ಎಂಬ ಒಂದೇ ಹೆಸರಿನಲ್ಲಿ ಇಬ್ಬರು ಸೇರಿ ಬರೆದು ಚಿತ್ರಿಸುವ ಇದು 2014ರಿಂದ ಜಪಾನಿನ ಮಾಸಿಕವೊಂದರಲ್ಲಿ ಬರುತ್ತಿದೆ. ನಮ್ಮಲ್ಲಿ ಹೆಚ್ಚಿನವರು ನೋಡಿರುವುದು 2020ರ ಅನಿಮೆ. ಕಮೊಮೆ ಎಂಬ ಶಾಲೆ, ಅದರ ಏಳು ನಿಗೂಢಗಳು. ಹಳೇ ಕಟ್ಟಡದ ಮೂರನೇ ಮಹಡಿಯ ಟಾಯ್ಲೆಟ್ಟಿಗೆ ಯಾಶಿರೊ ನೆನೆ ಎಂಬ ಹುಡುಗಿ ಹೋಗಿ ಮೂರನೇ ಬಾಗಿಲು ತಟ್ಟುತ್ತಾಳೆ. ಅವಳಿಗೆ ಬೇಕಾಗಿದ್ದು ಒಬ್ಬ ಬಾಯ್‌ಫ್ರೆಂಡ್. ಸಿಕ್ಕಿದ್ದು ದೆವ್ವದ ಕೈಕೆಳಗೆ ಟಾಯ್ಲೆಟ್ ತೊಳೆಯುವ ಕೆಲಸ.

ಹನಾಕೊ ಈ ಮಾಂಗಾದವರ ಸೃಷ್ಟಿಯಲ್ಲ. ಜಪಾನಿನ ಶಾಲಾಮಕ್ಕಳು ದಶಕಗಳಿಂದ ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದ ಹುಡುಗಿ ದೆವ್ವ ಅವಳು. ಮೂರನೇ ಮಹಡಿ, ಮೂರನೇ ಬಾಗಿಲು, ಮೂರು ಸಲ ತಟ್ಟಿ 'ಹನಾಕೊ ಅವರೇ, ಇದ್ದೀರಾ?' ಅಂತ ಕೇಳಬೇಕು. ಶಿಕ್ಷಕರಾಗಿದ್ದ ತ್ಸುನೆಮಿತ್ಸು ತೋರು ಎಂಬವರು ಮಕ್ಕಳ ಇಂಥ ಕಥೆಗಳನ್ನು ಕೂಡಿಹಾಕಿ 1990ರಲ್ಲಿ 'ಗಕ್ಕೋ ನೊ ಕೈದಾನ್', ಅಂದರೆ ಶಾಲೆಯ ದೆವ್ವದ ಕಥೆಗಳು, ಅಂತ ಪುಸ್ತಕ ತಂದರು. ಅದು ಅಲೆಯಾಯಿತು. 1995ರಲ್ಲಿ ಸಿನಿಮಾನೂ ಬಂತು. ಅಂದರೆ ಈ ದೆವ್ವ ಹುಟ್ಟಿದ್ದು ಯಾರೋ ಒಬ್ಬರ ಗಾಯಗೊಂಡ ಮನಸ್ಸಿನಲ್ಲಿ ಅಲ್ಲ. ಅದು ಹುಟ್ಟಿದ್ದು ರಿಸೆಸ್ಸಿನ ಗುಸುಗುಸುವಿನಲ್ಲಿ.

ಐದಾಇರೊ ಮಾಡಿದ್ದು ಎರಡು ಕೆಲಸ. ಹುಡುಗಿಯ ಜಾಗದಲ್ಲಿ ಹುಡುಗನನ್ನು ತಂದರು. ಮತ್ತೆ ಆ ಗುಸುಗುಸುವನ್ನೇ ಕಥೆಯ ಕಾನೂನು ಮಾಡಿಬಿಟ್ಟರು. ಈ ಶಾಲೆಯ ದೆವ್ವಗಳು ವದಂತಿಗೆ ಬಗ್ಗಲೇಬೇಕು. ಜನ ಏನು ಹೇಳಿಕೊಂಡು ತಿರುಗುತ್ತಾರೋ ದೆವ್ವ ಅದೇ ಆಗುತ್ತೆ. ಮೊಕ್ಕೆ ಅಂತ ಮೊಲದಂಥ ಪುಟಾಣಿ ಜೀವಿಗಳಿವೆ. ಪೆನ್ನು, ಪೆನ್ಸಿಲ್ ಕದಿಯೋದು ಬಿಟ್ಟರೆ ಪಾಪದವು. ಆದರೆ ಅವನ್ನು ಕಂಡವರು ಸಾಯುತ್ತಾರೆ ಅಂತ ಶಾಲೆಯಲ್ಲಿ ಸುದ್ದಿ ಹಬ್ಬಿದ ಮೇಲೆ ಅವು ನಿಜಕ್ಕೂ ಅಪಾಯವಾಗುತ್ತವೆ. ನೆನೆ ಮಂತ್ರ ಹಾಕಿಸಲ್ಲ, ಯುದ್ಧ ಮಾಡಲ್ಲ. ಮಿಠಾಯಿ ಕೊಟ್ಟರೆ ಕದಿಯಲ್ಲವಂತೆ ಅಂತ ಹೊಸ ಸುದ್ದಿ ಹಬ್ಬಿಸುತ್ತಾಳೆ. ಅಷ್ಟೇ, ಅವು ಮತ್ತೆ ಮೊಲ. ಕಥೆಯ ಖಳರು ಬೀಡುಬಿಟ್ಟಿರುವುದು ಎಲ್ಲಿ ಗೊತ್ತಾ? ಶಾಲೆಯ ಪ್ರಸಾರ ಕೊಠಡಿಯಲ್ಲಿ. ಅಲ್ಲಿಂದ ತಿರುಚಿದ ಸುದ್ದಿ ಬಿಡುತ್ತಾರೆ, ಬಡಪಾಯಿ ದೆವ್ವಗಳು ರಾಕ್ಷಸರಾಗುತ್ತವೆ. ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದ ಬೆಂಗಳೂರಿಗೆ ಈ ಕಾನೂನನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಹೇಳಿ, ಇದನ್ನೆಲ್ಲ ಅಮಾನೆಯ ಟ್ರಾಮಾ ಅಂತ ಮಡಿಚಿಟ್ಟರೆ ಆ ಹಬ್ಬಿಸಿದವರು ಎಲ್ಲಿ ಹೋದರು?

ಅಮಾನೆ ಅನ್ನೋದು ಹನಾಕೊನ ನಿಜವಾದ ಹೆಸರು, ಯೂಗಿ ಅಮಾನೆ. ನನ್ನ ಗೆಳತಿಗೆ ಅನ್ಯಾಯ ಮಾಡಬಾರದು, ಅವಳ ಮಾತಿಗೆ ಆಧಾರ ಇದೆ. ಬದುಕಿದ್ದಾಗ ಅಮಾನೆ ಮೈತುಂಬ ಗಾಯ, ಬ್ಯಾಂಡೇಜು ಕಟ್ಟಿಕೊಂಡು ಶಾಲೆಗೆ ಬರುತ್ತಿದ್ದ. ಮೇಷ್ಟ್ರು ಕೇಳಿದರೂ ಯಾರು ಹೊಡೆದರು ಅಂತ ಬಾಯಿ ಬಿಡಲಿಲ್ಲ. ಚಂದ್ರ, ನಕ್ಷತ್ರ ಅಂದರೆ ಪ್ರಾಣ ಬಿಡುತ್ತಿದ್ದವನು ಕೊನೆಗೆ ನಾನೆಲ್ಲಿಗೂ ಹೋಗಲ್ಲ ಅಂದುಬಿಟ್ಟ. ಇದರಲ್ಲಿ ಮನಶ್ಶಾಸ್ತ್ರ ಕಾಣದವರು ಕುರುಡರು. ಥೆರಪಿಯನ್ನು ಆಡಿಕೊಳ್ಳುವವಳೂ ನಾನಲ್ಲ, ಒಂದು ಕಾಲದಲ್ಲಿ ವಾರಕ್ಕೊಮ್ಮೆ ಹೋಗಿ ಕೂತಿದ್ದೇನೆ, ಉಪಯೋಗ ಆಗಿದೆ. ಆದರೆ ಟ್ರಾಮಾ ಅನ್ನುವ ಪದ ಬಂದ ತಕ್ಷಣ ಇಡೀ ಕಥೆ ಒಬ್ಬನ ತಲೆಯೊಳಗೆ ಹೋಗಿ ಕೂರುತ್ತೆ. ಅವನ ನೋವು, ಅವನ ಗಾಯ, ಅವನೇ ವಾಸಿ ಮಾಡ್ಕೊಳ್ಳಲಿ. ಉಳಿದ ನಾವು ಹೊರಗೆ, ಪಾಪ್‌ಕಾರ್ನ್ ಹಿಡಿದು.

ಜಪಾನಿನ ನಂಬಿಕೆ ನಮ್ಮನ್ನು ಹಾಗೆ ಹೊರಗೆ ಬಿಡಲ್ಲ. ಮಾಂಗಾದಲ್ಲಿ ಬದುಕಿರುವವರದು ಈ ದಡ, ಸತ್ತವರದು ಆ ದಡ. ಇದು ಬೌದ್ಧರ ಮಾತು. ಆ ದಡಕ್ಕೆ 'ಹಿಗಾನ್' ಅಂತಾರೆ. ವಸಂತದಲ್ಲಿ, ಶರತ್ಕಾಲದಲ್ಲಿ ಹಗಲು ರಾತ್ರಿ ಸಮವಾಗುವ ದಿನದ ಆಚೀಚೆ ಏಳು ದಿನ ಜಪಾನಿಗರು ಹಿರಿಯರ ಸಮಾಧಿಗೆ ಹೋಗುತ್ತಾರಲ್ಲ, ಆ ಆಚರಣೆಗೂ ಅದೇ ಹೆಸರು. ಸತ್ತವರಿಗೆ ಬದುಕಿರುವವರು ಮಾಡಬೇಕಾದ ಕೆಲಸ ಬಾಕಿ ಇರುತ್ತೆ ಅನ್ನೋದು ಅಲ್ಲಿನ ತಿಳಿವಳಿಕೆ. ಏಳು ನಿಗೂಢಗಳ ಶಕ್ತಿ ಇರುವುದು 'ಯೊರಿಶಿರೊ'ದಲ್ಲಿ. ಶಿಂತೋ ನಂಬಿಕೆಯಲ್ಲಿ ದೈವ ಬಂದು ನೆಲೆಸುವ ವಸ್ತುವಿಗೆ ಆ ಹೆಸರು. ಮಾಂಗಾದಲ್ಲಿ ಅವು ಯಾವುವು ನೋಡಿ: ತೀರಿಕೊಂಡ ಮೇಷ್ಟ್ರ ಕತ್ತರಿ, ಅಮಾನೆ ಕೊಟ್ಟ ಒಂದು ಕಲ್ಲು. ಒಬ್ಬರು ಇನ್ನೊಬ್ಬರಿಗೆ ಬಿಟ್ಟುಹೋದ ವಸ್ತುಗಳು. ದೆವ್ವ ನಿಂತಿರುವುದು ಇಬ್ಬರ ನಡುವಿನ ಸಂಬಂಧದ ಮೇಲೆ.

ಇನ್ನೂ ಹಳೆಯ ಉದಾಹರಣೆ ಬೇಕಾ? ಸುಗವಾರಾ ನೊ ಮಿಚಿಜಾನೆ. ದೊಡ್ಡ ವಿದ್ವಾಂಸ, ಆಸ್ಥಾನದ ಮಂತ್ರಿ. ಎದುರಾಳಿಗಳು ಚಾಡಿ ಹೇಳಿ ಗಡೀಪಾರು ಮಾಡಿಸಿದರು. ದೂರದ ದಜೈಫುವಿನಲ್ಲಿ 903ರಲ್ಲಿ ತೀರಿಕೊಂಡ. ಆಮೇಲೆ ರಾಜಧಾನಿಯಲ್ಲಿ ಸಾವುಗಳಾದವು, 930ರಲ್ಲಿ ಅರಮನೆಗೇ ಸಿಡಿಲು ಬಡಿಯಿತು. ಎಲ್ಲ ಅವನ ಆತ್ಮದ ಸಿಟ್ಟು ಅಂದರು ಜನ. ಆಗ ಮಾಡಿದ್ದೇನು? ಅವನ ಪದವಿಯನ್ನು ವಾಪಸ್ ಕೊಟ್ಟರು, ಗುಡಿ ಕಟ್ಟಿ ದೇವರೆಂದು ಪೂಜಿಸಿದರು. ಇವತ್ತು ಜಪಾನಿನ ಮಕ್ಕಳು ಪರೀಕ್ಷೆಗೆ ಮುಂಚೆ ಕೈಮುಗಿಯುವ ತೆಂಜಿನ್ ಇವನೇ. ದೆವ್ವದ ಸಿಟ್ಟಿಗೆ ಕಾರಣ ಚಾಡಿ ಹೇಳಿದವರು ಅಂತ ಒಂದು ಇಡೀ ಊರು ಒಪ್ಪಿಕೊಂಡಿತು. ಅಲ್ಲಿಂದ ಸಿಟ್ಟು ಇಳಿಯಿತು.

ನನಗ್ಯಾಕೆ ಇಷ್ಟು ಕೋಪ ಅಂತ ಕೇಳಬಹುದು. ಹೇಳ್ತೀನಿ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಸೆಕ್ಷನ್ನಿನ ಹುಡುಗಿಯೊಬ್ಬಳು ತೀರಿಕೊಂಡಳು. ಹೇಗೆ ಅಂತ ನಮಗೆ ಹೇಳಲಿಲ್ಲ. ಬೆಳಗಿನ ಪ್ರೇಯರ್‌ನಲ್ಲಿ ಒಂದು ನಿಮಿಷ ಮೌನ, ಮಾರನೇ ದಿನ ಮ್ಯಾಥ್ಸ್ ಟೆಸ್ಟ್. ಹದಿನೈದು ದಿನಕ್ಕೆ ಅವಳು ದೆವ್ವವಾದಳು. ಮೇಲಿನ ಮಹಡಿಯ ಟಾಯ್ಲೆಟ್ಟಿನ ಕೊನೇ ಬಾಗಿಲು, ತನ್ನಷ್ಟಕ್ಕೆ ತಾನೇ ತೊಟ್ಟಿಕ್ಕುವ ನಲ್ಲಿ. ಆ ಕಥೆಗೆ ಬಿಳಿ ರಿಬ್ಬನ್ ಸೇರಿಸಿದ್ದು ನಾನು. ಜಡೆಯ ರಿಬ್ಬನ್ ಬಿಚ್ಚಿಕೊಂಡು ಬಾಗಿಲ ಕೆಳಗಿಂದ ಬರುತ್ತೆ ಅಂತ ಹೇಳಿದೆ. ಎಲ್ಲರೂ ಕಿರುಚಿದರು. ನನಗೆ ಖುಷಿಯಾಯಿತು.

ಅವಳ ತಂಗಿ ಅದೇ ಶಾಲೆಯಲ್ಲಿ ಆರನೇ ಕ್ಲಾಸು. ನಮ್ಮ ವ್ಯಾನಿನಲ್ಲೇ, ನನ್ನ ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಒಂದು ದಿನ ಲಂಚ್ ಬ್ರೇಕಿನಲ್ಲಿ ನಾವು ಐದಾರು ಜನ ಆ ಬಾಗಿಲು ತಟ್ಟಿ ಸತ್ತ ಹುಡುಗಿಯ ಹೆಸರು ಹಿಡಿದು ಕರೀತಿದ್ವಿ. ಹಿಂದೆ ತಿರುಗಿದರೆ ತಂಗಿ ನಿಂತಿದ್ದಳು. ಏನೂ ಅನ್ನಲಿಲ್ಲ, ವಾಪಸ್ ಹೋದಳು. ಆಮೇಲೆ ಸಂಜೆ ವ್ಯಾನಿನಲ್ಲಿ ಅವಳ ವಾಟರ್ ಬಾಟಲ್ ಕತ್ತಿನವರೆಗೂ ತುಂಬಿರುತ್ತಿತ್ತು. ದಿನಾ ನೋಡ್ತಿದ್ದೆ. ನೀರು ಕುಡಿದರೆ ಟಾಯ್ಲೆಟ್ಟಿಗೆ ಹೋಗಬೇಕಾಗುತ್ತೆ ಅಂತ ಆ ಮಗು ದಿನವಿಡೀ ಬಾಯಾರಿಕೊಂಡು ಇರುತ್ತಿತ್ತು ಅನ್ನೋದು ನನಗೆ ಹೊಳೆದದ್ದು ಈ ಮಾಂಗಾ ಓದುವಾಗ. ಮೊಕ್ಕೆಗಳ ಅಧ್ಯಾಯ. ಪುಸ್ತಕ ಪಕ್ಕಕ್ಕಿಟ್ಟು ಸುಮಾರು ಹೊತ್ತು ಹಾಗೇ ಕೂತಿದ್ದೆ.

ಆ ಟಾಯ್ಲೆಟ್ಟಿನ ದೆವ್ವ ಯಾರ ಟ್ರಾಮಾ? ಹೇಳಿ ನೋಡೋಣ. ಸತ್ತವಳದಾ? ಅವಳ ಬಗ್ಗೆ ನಮಗೆ ಏನೂ ಗೊತ್ತಿರಲಿಲ್ಲ. ತಂಗಿಯದಾ? ಅವಳಿಗೆ ಒಳ್ಳೆಯ ಕೌನ್ಸೆಲರ್ ಸಿಕ್ಕಿದ್ದರೆ ಚೆನ್ನಾಗಿತ್ತು, ನಿಜ. ಆದರೆ ಕೌನ್ಸೆಲರ್ ರೂಮಿನಿಂದ ಹೊರಗೆ ಬಂದರೆ ನಾವು ಐದಾರು ಜನ ಬಾಗಿಲು ತಟ್ಟುತ್ತಲೇ ಇರುತ್ತಿದ್ದೆವಲ್ಲ. ಆ ದೆವ್ವವನ್ನು ಮಾಡಿದ್ದು ನಾವು. ಅದನ್ನು ಇಳಿಸುವ ಕೆಲಸವೂ ನಮ್ಮದೇ ಆಗಿತ್ತು.

ಹನಾಕೊ ಕೊಲೆ ಮಾಡಿದವನು. ದೇವರು ಅವನಿಗೆ ಒಂದು ಕೆಲಸ ಹಚ್ಚಿದ್ದಾನೆ: ಶಾಲೆಯ ನಿಗೂಢಗಳು ಹದ್ದು ಮೀರದಂತೆ ನೋಡಿಕೊಂಡರೆ ಪಾಪ ಕಳೆಯುತ್ತೆ. ಈ ಮಾಂಗಾದಲ್ಲಿ ಪ್ರಾಯಶ್ಚಿತ್ತ ಅಂದರೆ ಅಳು ಅಲ್ಲ, ದಿನಗೂಲಿ. ಅದನ್ನು ಓದಿ ನನಗೂ ಒಂದು ಸಣ್ಣ ಕೆಲಸ ಸಿಕ್ಕಿದೆ. ಟ್ರಿಪ್ಪಿನಲ್ಲೋ ಟೀಮ್ ಪಾರ್ಟಿಯಲ್ಲೋ ಯಾರಾದರೂ ಹಾಸ್ಟೆಲಿನ ದೆವ್ವದ ಕಥೆ ತೆಗೆದು, 'ಆ ರೂಮಿನಲ್ಲಿ ಒಬ್ಬ ಹುಡುಗಿ ಸತ್ತಿದ್ದಳಂತೆ' ಅಂತ ಶುರು ಮಾಡಿದರೆ ನಾನು ಕೇಳ್ತೀನಿ: "ಅವಳ ಹೆಸರೇನು? ಮನೆಯಲ್ಲಿ ಯಾರ್ಯಾರಿದ್ದರು?"

ಸಾಮಾನ್ಯವಾಗಿ ಯಾರಿಗೂ ಗೊತ್ತಿರಲ್ಲ. ಕಥೆ ಅಲ್ಲಿಗೇ ನಿಲ್ಲುತ್ತೆ. ಎಲ್ಲರ ಮೂಡು ಹಾಳಾಗುತ್ತೆ.

ಹಾಳಾಗಲಿ.