ಚರ್ಚಿನ ಸಭಾಂಗಣದಲ್ಲಿ ಆಹಾರದ ಚೀಟಿ

ಇಂಗ್ಲೆಂಡಿನ ಸಣ್ಣ ಊರೊಂದರ ಚರ್ಚಿನ ಸೂಚನಾ ಫಲಕವನ್ನು ಓದಿದರೆ ಆ ಊರಿನ ಕಷ್ಟಸುಖ ಬಹುಮಟ್ಟಿಗೆ ತಿಳಿಯುತ್ತದೆ. ಭಾನುವಾರದ ಪ್ರಾರ್ಥನೆಯ ವೇಳೆ ಒಂದು ಸಾಲಿನಲ್ಲಿ ಮುಗಿದರೆ, ಉಳಿದ ಸಾಲುಗಳಲ್ಲಿ ಫುಡ್ ಬ್ಯಾಂಕ್, ಸಾಲಗಾರರಿಗೆ ಸಲಹೆ, ಒಂಟಿ ವೃದ್ಧರ ಮಧ್ಯಾಹ್ನದ ಊಟ, ಮನೆಯಲ್ಲಿ ಹೀಟರ್ ಹಚ್ಚಲಾಗದವರಿಗೆ ಚಳಿಗಾಲದ ಬೆಚ್ಚನೆಯ ಕೋಣೆ ಇತ್ಯಾದಿ ವಿವರಗಳು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ತಾವು ಕ್ರೈಸ್ತರೆಂದು ಬರೆಸಿದವರು ಶೇ. 46.2 ಮಾತ್ರ. ನಂಬುವವರ ಸಂಖ್ಯೆ ಇಳಿಯುತ್ತಿರುವಾಗಲೇ ಪಕ್ಕದ ಸಭಾಂಗಣದ ಅಗತ್ಯ ಏರಿದೆ.

ಫುಡ್ ಬ್ಯಾಂಕುಗಳ ಅತಿದೊಡ್ಡ ಜಾಲವಾದ ಟ್ರಸೆಲ್‌ನ ಮೊದಲ ಕೇಂದ್ರ ಸಾಲಿಸ್‌ಬರಿಯಲ್ಲಿ 2000ದಲ್ಲಿ ಒಂದು ಮನೆಯ ಗ್ಯಾರೇಜಿನಲ್ಲಿ ಹುಟ್ಟಿತು. 2024-25ರಲ್ಲಿ ಈ ಜಾಲ ಹಂಚಿದ ತುರ್ತು ಆಹಾರದ ಪೊಟ್ಟಣಗಳು ಸುಮಾರು 29 ಲಕ್ಷ. ಅವುಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಮಕ್ಕಳ ಪಾಲಿನವು. ಮಸೀದಿ, ಗುರುದ್ವಾರಗಳು ಉಣಿಸುವುದು ಈ ಲೆಕ್ಕದ ಹೊರಗಿದೆ.

ಸಾಮಾನ್ಯವಾಗಿ ಪೊಟ್ಟಣ ದೊರೆಯುವುದು ವೈದ್ಯರು, ಸಮಾಜಸೇವಕರು ಮುಂತಾದವರು ಕೊಡುವ ಚೀಟಿಯ ಮೇಲೆ. ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟವರಿಗೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯುತ್ತದೆ. ಅಲ್ಲಿ ಔಷಧದ ಪ್ರಮಾಣ ತಿದ್ದುವ ಮೊದಲು ಅಡುಗೆಮನೆಯ ಸ್ಥಿತಿ ಕೇಳಬೇಕಾಗುತ್ತದೆ. ಆದರೆ ಮೂರು ದಿನಗಳ ಆಹಾರ ಹಸಿವನ್ನು ಮುಂದೂಡುತ್ತದೆಯೇ ಹೊರತು ನೀಗಿಸುವುದಿಲ್ಲ. ಇದನ್ನರಿತೇ ಚರ್ಚಿನ ಕೆಲವರು ದಾನದಾಚೆಗೆ ನ್ಯಾಯದ ಪ್ರಶ್ನೆ ಎತ್ತಿದರು. ಸರ್ಕಾರಿ ನೆರವನ್ನು ಎರಡು ಮಕ್ಕಳಿಗೆ ಮಿತಗೊಳಿಸಿದ 2017ರ ನಿಯಮದ ವಿರುದ್ಧ ಡರಮ್‌ನ ಬಿಷಪ್ ಆಗಿದ್ದ ಪಾಲ್ ಬಟ್ಲರ್ ಲಾರ್ಡ್ಸ್ ಸಭೆಯಲ್ಲಿ ಖಾಸಗಿ ಮಸೂದೆಯನ್ನೇ ಮಂಡಿಸಿದ್ದರು. ಆ ಮಿತಿಯನ್ನು 2026ರ ಏಪ್ರಿಲ್‌ನಿಂದ ತೆಗೆಯುವುದಾಗಿ ಸರ್ಕಾರ ಪ್ರಕಟಿಸಿದ್ದು 2025ರ ನವೆಂಬರ್ ಬಜೆಟ್ಟಿನಲ್ಲಿ. ಚುನಾಯಿತರಲ್ಲದ ಬಿಷಪ್ಪರು ಶಾಸನಸಭೆಯಲ್ಲಿ ಕೂರುವುದು ನನಗೆ ಒಪ್ಪಿಗೆಯಿಲ್ಲ. ಈ ವಿಷಯದಲ್ಲಿ ಮಾತ್ರ ಅವರು ಕುಳಿತದ್ದು ಸಾರ್ಥಕ.

ಇಲ್ಲಿಗೆ ಬರಬಯಸುವ ಕನ್ನಡಿಗರು ಗಮನಿಸಬೇಕಾದ ಸಂಗತಿ ಬೇರೊಂದಿದೆ. ವಿದ್ಯಾರ್ಥಿ ಮತ್ತು ಉದ್ಯೋಗ ವೀಸಾಗಳ ಮೇಲೆ ‘ಸಾರ್ವಜನಿಕ ನಿಧಿಗೆ ಹಕ್ಕಿಲ್ಲ’ ಎಂಬ ಷರತ್ತು ಇರುತ್ತದೆ. ಕೆಲಸ ಹೋದರೂ, ಬಾಡಿಗೆ ಕಟ್ಟಲಾಗದಿದ್ದರೂ ಬಡವರಿಗೆಂದು ಇರುವ ಯೂನಿವರ್ಸಲ್ ಕ್ರೆಡಿಟ್ ಅವರಿಗೆ ದೊರೆಯದು. ಆದುದರಿಂದ ಮೇಲೆ ಹೇಳಿದ ಮಿತಿ ತೆಗೆದುದರ ಫಲವೂ ಅವರ ಮಕ್ಕಳನ್ನು ತಲುಪುವುದಿಲ್ಲ. ಏಜೆಂಟರು ತೋರಿಸುವ ಸಂಬಳದ ಪಟ್ಟಿಯಲ್ಲಿ ಈ ಷರತ್ತಿನ ಉಲ್ಲೇಖ ಇರುವುದು ಅಪರೂಪ.

ಫುಡ್ ಬ್ಯಾಂಕಿನ ಪೊಟ್ಟಣವಾದರೋ ದಾನವೇ ಹೊರತು ಸಾರ್ವಜನಿಕ ನಿಧಿಯಲ್ಲ. ಅದನ್ನು ಪಡೆದರೆ ವೀಸಾ ಷರತ್ತು ಮುರಿದಂತಾಗುವುದಿಲ್ಲ. ಎನ್‌ಎಚ್‌ಎಸ್ ಚಿಕಿತ್ಸೆಯೂ ಸರ್ಕಾರಿ ಶಾಲೆಯೂ ಹಾಗೆಯೇ. ಇದು ತಿಳಿಯದೆ ಉಪವಾಸವಿರುವವರಿದ್ದಾರೆ. ತಿಳಿದೂ ನಾಚಿಕೆಯಿಂದ ಹೋಗದವರೂ ಇದ್ದಾರೆ. ಧರ್ಮಸ್ಥಳದಲ್ಲೋ ಸಿದ್ಧಗಂಗೆಯಲ್ಲೋ ಪಂಕ್ತಿಯಲ್ಲಿ ಕುಳಿತು ಉಣ್ಣಲು ನಾವು ಎಂದೂ ಸಂಕೋಚಪಟ್ಟವರಲ್ಲ. ಅಲ್ಲಿ ಉಳ್ಳವರಿಗೂ ಇಲ್ಲದವರಿಗೂ ಅದೇ ಎಲೆ, ಅದೇ ಪ್ರಸಾದ. ಇಲ್ಲಿ ಚೀಟಿ ಹಿಡಿದವನು ತನ್ನ ಬಡತನವನ್ನು ಮೊದಲು ಒಪ್ಪಿಸಬೇಕು. ಸ್ವಯಂಸೇವಕರು ಎಷ್ಟೇ ಮೃದುವಾಗಿ ಮಾತನಾಡಿಸಿದರೂ ಈ ಅಂತರ ಅಳಿಯುವುದಿಲ್ಲ.

ಊರಿನಲ್ಲಿರುವ ತಂದೆತಾಯಿಯರಿಗೆ ಚರ್ಚು ಎಂದೊಡನೆ ಮತಾಂತರದ ಅಳುಕು ಹುಟ್ಟುವುದನ್ನೂ ಬಲ್ಲೆ. ಟ್ರಸೆಲ್ ಜಾಲದ ಕೇಂದ್ರಗಳು ಯಾವ ಮತದವರಿಗೂ, ಮತವಿಲ್ಲದವರಿಗೂ ತೆರೆದಿವೆ. ಪೊಟ್ಟಣದಲ್ಲಿ ಡಬ್ಬಿಯ ಬೀನ್ಸ್, ಪಾಸ್ತಾ, ಸೀರಿಯಲ್‌ಗಳೇ ಹೆಚ್ಚು, ತೊಗರಿಬೇಳೆಯನ್ನು ನಿರೀಕ್ಷಿಸಬಾರದು. ಸಸ್ಯಾಹಾರಿಗಳು ಅದನ್ನು ಮೊದಲೇ ತಿಳಿಸಬಹುದು.