ಶಬ್ದಕ್ಕೆ ಕೊಟ್ಟ ದುಡ್ಡು ಯಾವ ಖಾತೆಗೆ?

ಬೈಕ್ ಪಾರ್ಟ್‌ಗಳ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ಹುಡುಗರ ಪ್ರಕಾರ ಕಂಪನಿ ಕೊಟ್ಟ ಸೈಲೆನ್ಸರ್ ತೆಗೆಸಿ ಬೇರೆ ಹಾಕಿಸಿದರೆ ಗಾಡಿಗೆ ಪವರ್ ಬರುತ್ತದೆ. ಮನೆಯ ಹಿರಿಯರ ಪ್ರಕಾರ ಕಂಪನಿ ಶೋರೂಮ್ ಬಿಟ್ಟು ಹೊರಗೆ ಸಿಗುವುದೆಲ್ಲ ಡೂಪ್ಲಿಕೇಟ್, ಮುಟ್ಟಲೇಬಾರದು. ಎರಡೂ ತಪ್ಪು ಎಂಬುದು ನನ್ನ ವಾದ. ಈ ಎರಡು ತಪ್ಪುಗಳ ನಡುವೆ ನಷ್ಟವಾಗುತ್ತಿರುವುದು ನಮ್ಮ ಮನೆಯವರ ದುಡ್ಡು, ಕೆಲವೊಮ್ಮೆ ಜೀವ.

ಹುಡುಗಿಗೆ ಬೈಕಿನ ವಿಷಯ ಯಾಕೆ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅರೇಹಳ್ಳಿಯಲ್ಲಿ ನನ್ನ ಮಾಮುವಿನ ಸಣ್ಣ ಗ್ಯಾರೇಜ್ ಇದೆ. ಎಸ್ಸೆಸ್ಸೆಲ್ಸಿ ಮುಗಿದ ರಜೆಯಿಂದ ಅಲ್ಲಿನ ಲೆಕ್ಕದ ಪುಸ್ತಕ ಬರೆಯುವವಳು ನಾನು. ನನಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ. ಆದರೆ ಯಾವ ಗಾಡಿಗೆ ಯಾವ ಪಾರ್ಟ್ ಹಾಕಿದ್ದು, ಅದೇ ಗಾಡಿ ಎಷ್ಟು ತಿಂಗಳಿಗೆ ಅದೇ ರಿಪೇರಿಗೆ ವಾಪಸ್ ಬಂತು ಎಂಬುದು ನನ್ನ ಪುಸ್ತಕದಲ್ಲಿದೆ.

ಮೊದಲು ಪವರ್ ವಿಷಯ. ನಮ್ಮ ಕಡೆ ಎಲ್ಲಿ ನೋಡಿದರೂ ಕಾಣುವ ಸ್ಪ್ಲೆಂಡರ್ ಗಾಡಿಯ ಇಂಜಿನ್ 97.2 ಸಿಸಿ, ಶಕ್ತಿ ಸುಮಾರು 8 ಅಶ್ವಶಕ್ತಿ. ಆ ಎಂಟು ಬರುವುದು ಸಿಲಿಂಡರ್ ಒಳಗೆ ಎಷ್ಟು ಗಾಳಿ, ಎಷ್ಟು ಪೆಟ್ರೋಲ್ ಸೇರಿ ಉರಿಯುತ್ತದೆ ಎಂಬುದರಿಂದ. ಸೈಲೆನ್ಸರ್ ಬದಲಿಸಿದ ಮಾತ್ರಕ್ಕೆ ಸಿಲಿಂಡರ್ ದೊಡ್ಡದಾಗುವುದಿಲ್ಲ, ಪೆಟ್ರೋಲ್ ಹೆಚ್ಚು ಉರಿಯುವುದೂ ಇಲ್ಲ. ಒಳಗಿನ ಸ್ಫೋಟದ ಸದ್ದನ್ನು ತಡೆಯುತ್ತಿದ್ದ ಅಡ್ಡ ತಗಡುಗಳು ಹೋಗುತ್ತವೆ, ಅಷ್ಟೆ. ಮೊದಲೂ ಇದ್ದ ಸದ್ದು ಈಗ ಹೊರಗೆ ಕೇಳುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ತೊಂದರೆ ಇನ್ನೂ ಹೆಚ್ಚು. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದು ಹೊಗೆ ಹೋಗುವ ದಾರಿಯಲ್ಲೇ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ನೋಡಿ ಪೆಟ್ರೋಲ್ ಹೊಂದಿಸಲು ಸಹಾಯ ಮಾಡುವ ಸೆನ್ಸರ್ ಕೂಡ ಅಲ್ಲೇ ಇದೆ. ಆ ದಾರಿಯನ್ನೇ ಕತ್ತರಿಸಿ ಬೇರೆ ಪೈಪ್ ಬೆಸುಗೆ ಹಾಕಿದರೆ ಇಂಜಿನ್‌ಗೆ ಸಿಗುವ ಲೆಕ್ಕವೇ ತಪ್ಪುತ್ತದೆ.

ಸೈಲೆನ್ಸರ್ ಬದಲಿಸಲು ಬರುವ ಹುಡುಗರಿಗೆ ಮಾಮು ನಮ್ಮ ಭಾಷೆಯಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ: "ಆವಾಜ್ ಹೋನಾ ಕಿ ಪಿಕಪ್ ಹೋನಾ?" ಸದ್ದು ಬೇಕೋ, ಪಿಕಪ್ ಬೇಕೋ ಎಂದು. ಹುಡುಗರು ಎರಡೂ ಒಂದೇ ಅಲ್ಲವೇ ಎಂಬಂತೆ ನೋಡುತ್ತಾರೆ.

ಹಾಗಾದರೆ ರೇಸ್ ಗಾಡಿಗಳಲ್ಲಿ ಸೈಲೆನ್ಸರ್ ಬದಲಿಸುವುದಿಲ್ಲವೇ? ಬದಲಿಸುತ್ತಾರೆ. ಆದರೆ ಅದರ ಜೊತೆಗೆ ಗಾಳಿ ಒಳಬರುವ ದಾರಿ, ಪೆಟ್ರೋಲಿನ ಪ್ರಮಾಣ, ಕಿಡಿ ಹತ್ತುವ ಸಮಯ ಎಲ್ಲವನ್ನೂ ಬದಲಿಸಿ, ಯಂತ್ರದ ಮೇಲೆ ಗಾಡಿ ಓಡಿಸಿ ಶಕ್ತಿಯನ್ನು ಅಳೆಯುತ್ತಾರೆ. ಬೆಂಗಳೂರಿನ ರೇಸ್ ಡೈನಾಮಿಕ್ಸ್ ಎಂಬ ಸಂಸ್ಥೆ ಪವರ್‌ಟ್ರಾನಿಕ್ ಎಂಬ ಹೆಸರಿನಲ್ಲಿ ಇಂಥ ಕೆಲಸಕ್ಕೆ ಬೇಕಾದ ಎಲೆಕ್ಟ್ರಾನಿಕ್ ಪೆಟ್ಟಿಗೆ ತಯಾರಿಸುತ್ತದೆ. ಅದು ಓದಿ, ಅಳೆದು, ಪರೀಕ್ಷೆ ಮಾಡಿ ನಡೆಸುವ ಉದ್ಯಮ. ಆ ಗಾಡಿಗಳಿಗೆ ಓಡಲು ಕೊಯಮತ್ತೂರಿನಲ್ಲಿ, ಚೆನ್ನೈ ಹತ್ತಿರ ಬೇರೆಯೇ ಟ್ರ್ಯಾಕ್‌ಗಳಿವೆ. ಬೇಲೂರು ರಸ್ತೆಯಲ್ಲಿ ಆಸ್ಪತ್ರೆ, ಶಾಲೆ, ಮಸೀದಿ, ದೇವಸ್ಥಾನಗಳ ಮುಂದೆ ಸದ್ದು ಮಾಡಿಕೊಂಡು ಹೋಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ನಂಬಿಕೆ ಸ್ಪ್ರಾಕೆಟ್ ಬಗ್ಗೆ. ಹಿಂದಿನ ಸ್ಪ್ರಾಕೆಟ್ ದೊಡ್ಡದು ಹಾಕಿಸಿದರೆ ಗಾಡಿ ಜೋರಾಗುತ್ತದಂತೆ. ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ ಪಾಲುದಾರರ ಲಾಭ ಹಂಚಿಕೆ ಅನುಪಾತ ಕಲಿತವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅನುಪಾತ ಬದಲಾದರೆ ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಸಿಗುತ್ತದೆ. ಆದರೆ ಸಂಸ್ಥೆಯ ಒಟ್ಟು ಲಾಭ ಹೆಚ್ಚುವುದಿಲ್ಲ. ಮುಂದೆ 14 ಹಲ್ಲು, ಹಿಂದೆ 42 ಹಲ್ಲು ಇದ್ದರೆ ಅನುಪಾತ 3. ಹಿಂದಿನದನ್ನು 45 ಮಾಡಿದರೆ ಅದು ಸುಮಾರು 3.2. ಏರು ಹತ್ತುವಾಗ ಎಳೆತ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ, ಅದೇ ಗೇರಿನಲ್ಲಿ ಇಂಜಿನ್ ಅಷ್ಟೇ ತಿರುಗಿದಾಗ ವೇಗ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಇಂಜಿನ್ ಕೊಡುವ ಎಂಟು ಎಂಟಾಗಿಯೇ ಉಳಿಯುತ್ತದೆ.

ಮೂರನೆಯದು ಏರ್ ಫಿಲ್ಟರ್. ಹೆಚ್ಚು ಗಾಳಿ ಬರಲಿ ಎಂದು ಫಿಲ್ಟರ್ ಡಬ್ಬಿಯನ್ನೇ ತೆಗೆದು ಓಡಿಸುವವರಿದ್ದಾರೆ. ನಮ್ಮ ತೋಟದ ರಸ್ತೆಗಳಲ್ಲಿ ಬೇಸಿಗೆಯ ಕೆಂಪು ಧೂಳು ಹೇಗಿರುತ್ತದೆ ಎಂದು ಯಾರಿಗೂ ಹೇಳಬೇಕಾಗಿಲ್ಲ. ಆ ಧೂಳು ನೇರವಾಗಿ ಸಿಲಿಂಡರ್‌ಗೆ ಹೋಗಿ ಗೋಡೆಯನ್ನೂ ಪಿಸ್ಟನ್ ರಿಂಗನ್ನೂ ಕೊರೆಯುತ್ತದೆ. ಸ್ವಲ್ಪ ದಿನಕ್ಕೆ ಆಯಿಲ್ ಉರಿದು ನೀಲಿ ಹೊಗೆ. ಪವರ್‌ಗಾಗಿ ಮಾಡಿದ ಕೆಲಸ ಇದ್ದ ಪವರನ್ನೂ ತಿಂದಿರುತ್ತದೆ.

ಈಗ ಹಿರಿಯರ ಕಡೆಗೆ ಬರುತ್ತೇನೆ. ಹೊರಗಿನ ಪಾರ್ಟ್ ಎಂದರೆ ಡೂಪ್ಲಿಕೇಟ್ ಎನ್ನುವವರು ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡಬೇಕು. ಮೈಸೂರಿನಲ್ಲಿ 1960ರ ದಶಕದ ಆರಂಭದಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಮೊದಲು ಜಾವಾ, ಆಮೇಲೆ ಯೆಜ್ಡಿ, 1978ರಲ್ಲಿ ರೋಡ್‌ಕಿಂಗ್. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಆ ಹೆಸರುಗಳು 2018ರ ನಂತರ ಹೊಸ ಕಂಪನಿಯಿಂದ ಮತ್ತೆ ಬಂದರೂ ಅವು ಬೇರೆಯೇ ಇಂಜಿನ್‌ನ ಬೇರೆಯೇ ಗಾಡಿಗಳು. ಮೈಸೂರಿನಲ್ಲಿ ತಯಾರಾದ ಹಳೆಯ ಟೂ ಸ್ಟ್ರೋಕ್ ಗಾಡಿಗಳು ಮಾತ್ರ ಇಂದಿಗೂ ಓಡುತ್ತಿವೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಅವುಗಳ ಅಭಿಮಾನಿಗಳು ಬೆಂಗಳೂರಿನಲ್ಲಿ ಸೇರಿ ದಿನಾಚರಣೆಯನ್ನೇ ಮಾಡುತ್ತಾರೆ.

ಕಾರ್ಖಾನೆಯೇ ಮುಚ್ಚಿದ ಮೇಲೆ ಇವಕ್ಕೆ "ಕಂಪನಿ ಪಾರ್ಟ್" ಎಲ್ಲಿಂದ ಬಂತು? ಹೊರಗಿನವರು ಮಾಡಿದ ಪಿಸ್ಟನ್, ಕೇಬಲ್, ಗ್ಯಾಸ್ಕೆಟ್‌ಗಳಿಂದ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಮಾರುಕಟ್ಟೆಗಳಿಂದ, ಸವೆದ ಸಿಲಿಂಡರನ್ನು ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಕೂರಿಸುವ ಉಸ್ತಾದರಿಂದ. ಹೊರಗಿನ ಪಾರ್ಟ್ ಉದ್ಯಮ ಇಲ್ಲದಿದ್ದರೆ ಮೈಸೂರಿನ ಆ ಗಾಡಿಗಳು ಎಂದೋ ಗುಜರಿ ಸೇರುತ್ತಿದ್ದವು. ಈ ಉದ್ಯಮದ ನಿಜವಾದ ಕೆಲಸ ಇದು: ಇರುವ ಗಾಡಿಯ ಆಯಸ್ಸು ಹೆಚ್ಚಿಸುವುದು.

ಇನ್ನೊಂದು ವಿಷಯ. ಬೈಕ್ ಕಂಪನಿ ತನ್ನ ಗಾಡಿಯ ಎಲ್ಲ ಪಾರ್ಟ್‌ಗಳನ್ನೂ ತಾನೇ ಮಾಡುವುದಿಲ್ಲ. ಸ್ಪಾರ್ಕ್ ಪ್ಲಗ್ ಒಬ್ಬರದು, ರಿಂಗ್ ಒಬ್ಬರದು, ಚೈನ್ ಇನ್ನೊಬ್ಬರದು. ಬೆಂಗಳೂರಿನ ಮೈಕೋ ಹೆಸರು ಕೇಳದವರಿಲ್ಲ. 1951ರಲ್ಲಿ ಶುರುವಾಗಿ ಈಗ ಬಾಷ್ ಎಂಬ ಹೆಸರಿನಲ್ಲಿರುವ ಆ ಕಂಪನಿಯ ಸ್ಪಾರ್ಕ್ ಪ್ಲಗ್ ದೇಶದ ಹಳ್ಳಿ ಹಳ್ಳಿಗೂ ಹೋಗಿದೆ. ಪಿಸ್ಟನ್ ಮತ್ತು ರಿಂಗ್‌ಗೆ ಹೆಸರಾದ ಗೋಟ್ಜೆ ಕಾರ್ಖಾನೆ ಇರುವುದು ಯಲಹಂಕದಲ್ಲಿ. ಇಂಥ ತಯಾರಕರು ವಾಹನ ಕಂಪನಿಗಳಿಗೂ ಮಾಲು ಕೊಡುತ್ತಾರೆ, ತಮ್ಮದೇ ಹೆಸರಿನ ಡಬ್ಬಿಯಲ್ಲಿ ಅಂಗಡಿಗೂ ಕಳಿಸುತ್ತಾರೆ. ಹೀಗೆ ತನ್ನ ಸ್ವಂತ ಹೆಸರಿನಲ್ಲಿ ಬರುವ ಪಾರ್ಟ್ ಡೂಪ್ಲಿಕೇಟ್ ಅಲ್ಲ. ಇನ್ನೊಬ್ಬರ ಹೆಸರನ್ನು ಕದ್ದು ತನ್ನ ಡಬ್ಬಿಯ ಮೇಲೆ ಅಚ್ಚು ಹಾಕಿಸಿದ್ದು ಡೂಪ್ಲಿಕೇಟ್. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಅದು ಅಪರಾಧ, ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲಿದೆ. ತಕ್ಕಡಿಯಲ್ಲಿ ಮೋಸ ಮಾಡಿದ ದುಡ್ಡು ಹರಾಮ್ ಎಂದು ನಾವೆಲ್ಲ ಮನೆಯಲ್ಲಿ ಕೇಳಿ ಬೆಳೆದಿದ್ದೇವೆ. ಡಬ್ಬಿಯಲ್ಲಿ ಮೋಸ ಮಾಡಿದ್ದೂ ಅದೇ.

ನಮ್ಮ ಊರಿಗೆ ಇದು ಯಾಕೆ ಮುಖ್ಯ? ಅರೇಹಳ್ಳಿ, ಬಿಕ್ಕೋಡು ಸುತ್ತ ಬೈಕ್ ಶೋಕಿಯ ವಸ್ತು ಅಲ್ಲ. ತೋಟದ ಕೆಲಸಕ್ಕೆ ಹೋಗುವವರು, ಮೆಣಸಿನ ಮೂಟೆ ಹಿಂದೆ ಕಟ್ಟಿಕೊಂಡು ಬರುವವರು, ಬೆಳಗಿನ ಜಾವ ಹಾಲು ಹಾಕುವವರು ಎಲ್ಲರಿಗೂ ಅದೇ ಆಧಾರ. ಮಳೆಗಾಲದಲ್ಲಿ ಇಳಿಜಾರಿನ ರಸ್ತೆ, ತಿರುವು ದಾಟಿದರೆ ಆನೆ ನಿಂತಿರಬಹುದಾದ ಜಾಗ. ಇಲ್ಲಿ ಬ್ರೇಕ್ ಹಿಡಿಯದಿದ್ದರೆ, ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್‌ಗೆ ಬೈದು ಸುಮ್ಮನಾಗುವಂತಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಗ್ಯಾರೇಜಿಗೆ ಒಂದು ಅಂಗಡಿಯಿಂದ ಬಂದ ಬ್ರೇಕ್ ಶೂಗಳ ಡಬ್ಬಿ ಹೆಸರಾಂತ ಕಂಪನಿಯದ್ದೇ ಆಗಿತ್ತು. ಹಾಕುವ ಮೊದಲೇ ಉಗುರಿನಿಂದ ಕೆರೆದರೆ ಲೈನಿಂಗ್ ಪುಡಿಯಾಗಿ ಉದುರಿತು. ಮಾಮು ಅಷ್ಟನ್ನೂ ಎಸೆದರು. ಬಿಲ್ ಇರಲಿಲ್ಲ, ಹಾಗಾಗಿ ದುಡ್ಡು ವಾಪಸ್ ಕೇಳುವಂತೆಯೂ ಇರಲಿಲ್ಲ. ನನ್ನ ಪುಸ್ತಕದಲ್ಲಿ ಅದು ನಷ್ಟದ ಕಡೆ ಕೂತಿದೆ.

ಅಗ್ಗದ ಲೆಕ್ಕವನ್ನೂ ಸರಿಯಾಗಿ ಹಾಕೋಣ. ಉದಾಹರಣೆಗೆ ಒಂದು ಚೈನ್ ಸೆಟ್ಟಿಗೆ 600 ರೂಪಾಯಿ, ಅದು 8,000 ಕಿಲೋಮೀಟರ್ ಬರುತ್ತದೆ ಎಂದಿಟ್ಟುಕೊಳ್ಳಿ. ಇನ್ನೊಂದಕ್ಕೆ 1,100 ರೂಪಾಯಿ, ಅದು 20,000 ಕಿಲೋಮೀಟರ್ ಬರುತ್ತದೆ. ಮೊದಲನೆಯದಕ್ಕೆ ಕಿಲೋಮೀಟರಿಗೆ ಏಳೂವರೆ ಪೈಸೆ, ಎರಡನೆಯದಕ್ಕೆ ಐದೂವರೆ ಪೈಸೆ. ಮೊದಲನೆಯದನ್ನು ಎರಡು ಸಲ ಹೆಚ್ಚಿಗೆ ಬಿಚ್ಚಿ ಹಾಕುವ ಕೂಲಿ ಬೇರೆ. ಬೆಲೆ ನೋಡುವುದು ಗಿರಾಕಿಯ ಬುದ್ಧಿ, ಬಾಳಿಕೆಯಿಂದ ಭಾಗಿಸಿ ನೋಡುವುದು ಕಾಮರ್ಸ್ ವಿದ್ಯಾರ್ಥಿಯ ಬುದ್ಧಿ. ಅದೇ ಲೆಕ್ಕದಲ್ಲಿ ಸದ್ದು ಮಾಡುವ ಸೈಲೆನ್ಸರನ್ನು ಕೂರಿಸಿ ನೋಡಿ. ಕೊಟ್ಟ ದುಡ್ಡನ್ನು ಯಾವುದರಿಂದ ಭಾಗಿಸುವುದು?

ಕಾನೂನಿನ ಲೆಕ್ಕ ಇನ್ನೂ ದುಬಾರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದಿದೆ. ನಮ್ಮಲ್ಲಿ ಹೆಚ್ಚಿನವರಿಗೆ ಹದಿನೆಂಟೂ ಆಗಿಲ್ಲ. ಗೇರ್ ಗಾಡಿ ಓಡಿಸಿ ಸಿಕ್ಕಿಬಿದ್ದರೆ ತಂದೆಗೋ ಗಾಡಿಯ ಮಾಲೀಕರಿಗೋ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಓಡಿಸಿದವರಿಗೆ 25 ವರ್ಷ ಆಗುವ ತನಕ ಲೈಸೆನ್ಸ್ ಇಲ್ಲ.

ಆದರೆ ಇಲ್ಲಿ ನನಗೊಂದು ತಕರಾರಿದೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವ ಫೋಟೋ ನಾವು ನೋಡಿದ್ದೇವೆ. ಆ ಫೋಟೋದಲ್ಲಿ ಮಾರಿದವನು ಎಲ್ಲಿ? ಸುರಕ್ಷತೆಗೆ ಮುಖ್ಯ ಎಂದು ಸರ್ಕಾರ ಘೋಷಿಸಿದ ಪಾರ್ಟನ್ನು ನಿಯಮ ಮೀರಿ ಮಾರಿದರೆ ಒಂದೊಂದಕ್ಕೂ ಒಂದು ಲಕ್ಷ ದಂಡ ಎಂದು ಅದೇ 2019ರ ತಿದ್ದುಪಡಿ ಹೇಳುತ್ತದೆ. ರಸ್ತೆಯಲ್ಲಿ ಸಿಗುವವನು ಹುಡುಗ, ಬೈಸಿಕೊಳ್ಳುವವನು ಮೆಕ್ಯಾನಿಕ್. ಡಬ್ಬಿ ಕಳಿಸಿದವನ ಅಂಗಡಿ ಮರುದಿನವೂ ತೆರೆದಿರುತ್ತದೆ. ಅಲ್ಲಿಗೆ ತಲುಪುವ ದಾರಿ ಒಂದೇ, ಅದು ಬಿಲ್.

ಬಿಲ್ ಬೇಡ, ತೆರಿಗೆ ಉಳಿಯುತ್ತದೆ ಎನ್ನುವವರಿಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಬೈಕ್ ಪಾರ್ಟ್‌ಗಳ ಮೇಲಿನ ಜಿಎಸ್‌ಟಿ 28ರಿಂದ ಶೇಕಡಾ 18ಕ್ಕೆ ಇಳಿದಿದೆ. ಆ ನೆಪ ಈಗ ಹಿಂದಿನಷ್ಟು ಗಟ್ಟಿಯಲ್ಲ. ಬಿಲ್ ಇದ್ದರೆ 1915 ಸಂಖ್ಯೆಗೆ ಕರೆ ಮಾಡಿ ದೂರು ಹೇಳಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು, ಐದು ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕ ಇಲ್ಲ. ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ಗ್ರಾಹಕ ಸಂರಕ್ಷಣೆಯ ಪಾಠ ಇದೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಡುವುದಕ್ಕಿಂತ ಒಂದು ಬ್ರೇಕ್ ಶೂ ಕೊಳ್ಳುವಾಗ ಬಳಸಿದರೆ ಒಳ್ಳೆಯದು.

ಅದಕ್ಕೆ ನನ್ನ ಸಲಹೆ ಇಷ್ಟು. ನಮ್ಮ ಕಾಮರ್ಸ್ ವಿಭಾಗದವರು ಒಂದು ಶನಿವಾರ ಮಧ್ಯಾಹ್ನ ಊರಿನ ಗ್ಯಾರೇಜ್‌ಗಳಿಗೆ ಹೋಗೋಣ. ಬ್ರೇಕ್ ಶೂ, ಚೈನ್ ಸೆಟ್, ಕ್ಲಚ್ ಕೇಬಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಈ ಐದಕ್ಕೆ ಮಾತ್ರ ತಯಾರಕರ ಹೆಸರು, ಬೆಲೆ, ಎಷ್ಟು ದಿನ ಬಾಳುತ್ತದೆ ಎಂದು ಮೆಕ್ಯಾನಿಕ್‌ಗಳನ್ನು ಕೇಳಿ ಒಂದು ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಹಾಕೋಣ. ಪಟ್ಟಿಯ ಕೆಳಗೆ ಡಬ್ಬಿಯ ಮೇಲೆ ಏನೇನು ನೋಡಬೇಕು ಎಂದೂ ಬರೆಯೋಣ: ತಯಾರಕರ ಹೆಸರು ಮತ್ತು ವಿಳಾಸ, ತಯಾರಾದ ತಿಂಗಳು, ಎಂಆರ್‌ಪಿ, ದೂರಿಗೆ ಫೋನ್ ನಂಬರ್. ನಮ್ಮ ಉಪನ್ಯಾಸಕರು ಒಪ್ಪಿದರೆ ಇದನ್ನೇ ಪ್ರಾಜೆಕ್ಟ್ ಆಗಿ ತೆಗೆದುಕೊಳ್ಳಬಹುದು. ಲೆಕ್ಕ ಬರೆಯುವ ಕೆಲಸ ನನಗೆ ಕೊಡಿ, ಅಭ್ಯಾಸ ಇದೆ.