ಯಾರ ಹಾಡು ಹೆಚ್ಚು?

ಮಕ್ಕಳೇ, ನಿಮ್ಮ ಊರಿನ ಹಿರಿಯರು ಕಟ್ಟೆಯ ಮೇಲೆ ಕುಳಿತು ಯಾವುದರ ಬಗ್ಗೆ ವಾದ ಮಾಡುತ್ತಾರೆ? ಮಳೆ, ಚುನಾವಣೆ, ಕಬ್ಬಿನ ಬಿಲ್ಲು, ಕ್ರಿಕೆಟ್ಟು. ಇವೆಲ್ಲ ಎಲ್ಲ ಊರಿನಲ್ಲೂ ಇರುತ್ತವೆ. ನಮ್ಮ ತೇರದಾಳದಲ್ಲಿ ಇವೆಲ್ಲ ಮುಗಿದ ಮೇಲೆ ಇನ್ನೊಂದು ವಾದ ಶುರುವಾಗುತ್ತದೆ. ಯಾರ ಹಾಡು ಹೆಚ್ಚು? ಯಾವ ಮೇಳ ಛಲೋ? ಮೊನ್ನೆಯ ಜಾತ್ರೆಯಲ್ಲಿ ಗೆದ್ದವರು ಯಾರು? ಈ ವಾದಕ್ಕೆ ಚಹಾ ಎರಡು ಸಲ ಬರಬೇಕು.

ನಾನು ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತಿದ್ದ ಕಾಲದಲ್ಲೂ ಹೀಗೇ ಇತ್ತು. ಜಾತ್ರೆಯ ಮರುದಿನ ಹಣ ತೆಗೆಯಲು ಬಂದ ನೇಕಾರರು, ಅರಿಷಿಣ ಮಾರಿ ಬಂದ ರೈತರು ಹಿತ್ತಾಳೆಯ ಟೋಕನ್ ಕೈಯಲ್ಲಿ ಹಿಡಿದು ರಾತ್ರಿಯ ಹಾಡಿನ ಮಾತಿಗಿಳಿಯುತ್ತಿದ್ದರು. ಕ್ಯಾಷಿಯರ್ ನಂಬರು ಕೂಗಿದರೆ ಯಾರಿಗೂ ಕೇಳಿಸುತ್ತಿರಲಿಲ್ಲ.

"ಹರದೇಶಿಯವನ ದನಿ ಛಲೋ ಐತಿ, ಖರೆ. ಆದರ ಆಕಿ ಹಾಕಿದ ಸವಾಲಿಗೆ ಜವಾಬ ಕೊಟ್ಟನೇನು? ಸುತ್ತಿ ಬಳಸಿ ಹಾಡಿ ಹೊತ್ತು ಕಳದಾ."

"ಜವಾಬ ಕೊಟ್ಟಾನ ಬಿಡು. ನಿನಗ ನಿದ್ದಿ ಬಂದಿತ್ತು, ಅದಕ್ಕ ಕೇಳಿಸಿಲ್ಲ."

ಈ ಜಗಳ ತಿಳಿಯಬೇಕಾದರೆ ಗೀಗೀ ಪದ ಎಂದರೇನು ಎಂದು ತಿಳಿಯಬೇಕು. ಮುಖ್ಯ ಹಾಡುಗಾರರ ಕೈಯಲ್ಲಿ ದಪ್ಪು, ಜೊತೆಯವರ ಕೈಯಲ್ಲಿ ತುಂತುಣಿ ಮತ್ತು ತಾಳ. ಮುಂದಿನವರು ಹಾಡಿದ ಸಾಲಿಗೆ ಹಿಂದಿನವರು 'ಗೀ ಗೀ' ಎಂದು ದನಿಗೂಡಿಸುತ್ತಾರೆ. ಹೆಸರು ಬಂದದ್ದು ಅದರಿಂದಲೇ. ಒಂದೇ ಮೇಳ ಹಾಡಿದರೆ ನಮ್ಮವರಿಗೆ ರುಚಿಯಿಲ್ಲ. ಎರಡು ಮೇಳ ಎದುರುಬದುರು ನಿಲ್ಲಬೇಕು. ಹರದೇಶಿ ಮೇಳದವರು ಶಿವ ಹೆಚ್ಚು, ಗಂಡು ಹೆಚ್ಚು ಎನ್ನುತ್ತಾರೆ. ನಾಗೇಶಿಯವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎನ್ನುತ್ತಾರೆ. ಬೀಜ ದೊಡ್ಡದೋ, ಭೂಮಿ ದೊಡ್ಡದೋ ಎಂಬಂಥ ಸವಾಲು ಬರುತ್ತದೆ. ಎದುರಿನವರು ಪುರಾಣ ತಿರುವಿ, ಲೋಕದ ಮಾತು ಸೇರಿಸಿ, ಹಾಡಿನಲ್ಲೇ ಉತ್ತರ ಕೊಡಬೇಕು. ಬೆಳಗಾಗುವ ಹೊತ್ತಿಗೆ ಇಬ್ಬರೂ ಒಬ್ಬರನ್ನು ಬಿಟ್ಟು ಒಬ್ಬರಿಲ್ಲ ಎಂದು ಒಪ್ಪಿ ಮಂಗಳ ಹಾಡುತ್ತಾರೆ. ಮೇಳದವರ ಜಗಳ ಅಲ್ಲಿಗೆ ಮುಗಿಯುತ್ತದೆ. ಕೇಳಿದವರ ಜಗಳ ಮುಂದಿನ ಜಾತ್ರೆಯವರೆಗೂ ನಡೆಯುತ್ತದೆ.

ನಮ್ಮ ಕಡೆಯ ಇನ್ನೊಂದು ಹುಚ್ಚು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ ಬರೆದದ್ದನ್ನು ಬೆಳಗಾವಿ ಜಿಲ್ಲೆಯ ಕುಲಗೋಡ ತಮ್ಮಣ್ಣ ಆಟಕ್ಕೆ ತಂದ ಎಂದು ಬಲ್ಲವರು ಹೇಳುತ್ತಾರೆ. ಕಥೆ ನಿಮಗೆ ಗೊತ್ತು. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆಗೆ ಸಿಟ್ಟು ಬರುತ್ತದೆ. ಒಂದು ಹೂವಿನ ಜಗಳ ಇಡೀ ರಾತ್ರಿ ನಡೆಯುತ್ತದೆ. ಭಾಗವತ, ದೂತಿ, ಗೊಲ್ಲತಿ, ಕೊರವಂಜಿ ಎಲ್ಲರೂ ಬರುತ್ತಾರೆ. ಗಂಡಸರೇ ಹೆಣ್ಣಿನ ವೇಷ ಹಾಕುತ್ತಿದ್ದ ಈ ಆಟದಲ್ಲಿ ಹೆಣ್ಣುಮಗಳಾಗಿ ನಿಂತು ಹೆಸರು ಮಾಡಿದವರು ಕೌಜಲಗಿ ನಿಂಗಮ್ಮ. ಅವರ ಹೆಸರು ತೆಗೆದರೆ ನಮ್ಮ ಕಟ್ಟೆಯ ಹಿರಿಯರು ಈಗಲೂ ನೆಟ್ಟಗೆ ಕೂರುತ್ತಾರೆ.

ಕಥೆ ಗೊತ್ತಿದ್ದ ಮೇಲೆ ಮತ್ತೆ ಮತ್ತೆ ನೋಡುವುದೇಕೆ ಎಂದು ನೀವು ಕೇಳಬಹುದು. ನೋಡುವವರು ಬರುವುದು ಕಥೆಗಲ್ಲ, ಹೋಲಿಸುವುದಕ್ಕೆ. ಈ ಭಾಮೆಯ ಸಿಟ್ಟಿನಲ್ಲಿ ಅಳು ಇತ್ತೋ ಇಲ್ಲವೋ? ದೂತಿಯ ಚೇಷ್ಟೆ ಹದ ಮೀರಿತೋ? ಭಾಗವತ ರಾಗ ಎತ್ತಿದಾಗ ದನಿ ಕಡೆಯ ಸಾಲಿನ ತನಕ ಮುಟ್ಟಿತೋ? ಕಡೆಯ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತ ರೈತನೇ ಪರೀಕ್ಷಕ. ಅವನು ತಲೆದೂಗಿದರೆ ಪಾಸು, ಬೀಡಿ ಹಚ್ಚಲು ಎದ್ದು ಹೋದರೆ ನಾಪಾಸು.

ಈಗ ನಮ್ಮ ಮನೆಯ ಜಗಳಕ್ಕೆ ಬರೋಣ. ಹತ್ತನೆಯ ತರಗತಿಯಲ್ಲಿರುವ ಮೊಮ್ಮಗನ ಫೋನಿನಲ್ಲಿ ದಿನವೂ ಉತ್ತರ ಕರ್ನಾಟಕದ ಹೊಸ ಜಾನಪದ ಹಾಡುಗಳು. ನೆರೆಯ ರಾಯಬಾಗ ತಾಲೂಕಿನ ಮಾಳು ನಿಪನಾಳ ಎಂದರೆ ಅವನಿಗೆ ಪ್ರಾಣ. 'ನಾ ಡ್ರೈವರ' ಹಾಡಿನಿಂದ ಊರೂರಿಗೆ ಗೊತ್ತಾದ ಆ ಹುಡುಗ ಟಿವಿಯ ಬಿಗ್ ಬಾಸ್ ಮನೆಗೂ ಹೋಗಿಬಂದ. ಒಂದು ದಿನ ನನ್ನ ನೇಕಾರ ಗೆಳೆಯ ಮನೆಗೆ ಬಂದಾಗ ಹಾಡು ಜೋರಾಗಿ ನಡೆದಿತ್ತು.

"ಏ ತಮ್ಮಾ, ಇದೇನು ಹಾಡೋ, ಹಿಟ್ಟಿನ ಗಿರಣಿನೋ?" ಎಂದ ಗೆಳೆಯ.

ಮೊಮ್ಮಗ ಬಿಡಲಿಲ್ಲ. "ಅಜ್ಜಾ, ಇದೂ ನಮ್ಮ ಮಾತಿನಾಗ ಐತಿ. ಟ್ರ್ಯಾಕ್ಟರ ಐತಿ, ಕಬ್ಬು ಐತಿ, ನಮ್ಮ ಊರಿನ ಮಂದಿ ಅದಾರ. ಹಾಡಂದ್ರ ಬರೇ ಕೃಷ್ಣ, ಭಾಮಿ ಇರಬೇಕೇನು?"

ಗೆಳೆಯ ಕೀಬೋರ್ಡಿನ ಮೇಲೆ ಸಿಟ್ಟಾದ. ಪರದೇಶದ ಯಂತ್ರ ತಂದು ನಮ್ಮ ಹಾಡು ಕೆಡಿಸಿದರು ಎಂದ. ಆಗ ನಾನು ಒಂದು ಮಾತು ಕೇಳಿದೆ: "ಪಾರಿಜಾತದ ಪೇಟಿ ಎಲ್ಲಿಂದ ಬಂತೋ ಮಾರಾಯಾ?" ನಾವು ಪೇಟಿ ಎನ್ನುವ ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. ಅದನ್ನು ನಮ್ಮವರು ನೆಲದ ಮೇಲೆ ಕುಳಿತು ನುಡಿಸುವಂತೆ ಮಾಡಿಕೊಂಡು, ನಮ್ಮ ರಾಗ ಕಲಿಸಿದರು. ಈಗ ಅದಿಲ್ಲದೆ ಭಜನೆಯೂ ಇಲ್ಲ, ಪಾರಿಜಾತವೂ ಇಲ್ಲ. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೇಟಿ ದನಿಗೆ ಹೆಗಲು ಕೊಡತೈತಿ. ಇದು ದನಿಯ ಹೆಗಲ ಮ್ಯಾಲ ಕುಂತೈತಿ" ಎಂದ. ಇದು ಒಳ್ಳೆಯ ಮಾತು. ಮೊಮ್ಮಗನೂ ಒಪ್ಪಿ ಹಾಡಿನ ಸದ್ದು ಕಡಿಮೆ ಮಾಡಿದ.

ಅಲ್ಲಿಯವರೆಗೆ ಸುಮ್ಮನೆ ಅವರೆಕಾಯಿ ಸುಲಿಯುತ್ತಿದ್ದ ನಮ್ಮ ಮನೆಯಾಕೆ ಆಗ ಬಾಯಿ ತೆರೆದಳು. "ನಿಮ್ಮ ಮೇಳದವರಿಗೆ ಇನಾಮು, ಶಾಲು. ನಸುಕಿನಾಗ ಬೀಸುಕಲ್ಲಿನ ಮುಂದ ಹಾಡಿದವರಿಗೆ ಏನು ಕೊಟ್ಟೀರಿ? ಒಂದು ಹೆಸರಾದರೂ ನೆನಪೈತೇನು?" ನಮ್ಮಿಬ್ಬರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಆ ಬೀಸುವ ಪದಗಳ ಬೆಲೆ ತಿಳಿದವರು ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಇವರೆಲ್ಲ ಸೇರಿ ಹೆಣ್ಣುಮಕ್ಕಳ ಬಾಯಿಂದ ಕೇಳಿ ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಯಿತು. ಅವರೂ ನಮ್ಮಂತೆ ಹಾಡಿನ ಮಾತಾಡುತ್ತ ಕುಳಿತ ಹಳ್ಳಿಯ ಗೆಳೆಯರೇ. ಕೈಯಲ್ಲಿ ಕಾಗದ ಇತ್ತು, ಅಷ್ಟೇ ವ್ಯತ್ಯಾಸ.

ಹಳಬರು, ಹೊಸಬರು ಎಂಬ ಈ ಜಗಳ ನಮ್ಮಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಹಳ್ಳಿಗಾಡಿನ ಹಾಡಿಗೆ ಕಂಟ್ರಿ ಎನ್ನುತ್ತಾರೆ. ನಮ್ಮ ಹಿರಿಯರು ಧಾರವಾಡ ಆಕಾಶವಾಣಿಗೆ ಕಿವಿಗೊಟ್ಟು ಕುಳಿತಂತೆ, ಅಲ್ಲಿಯವರು ನ್ಯಾಶ್‌ವಿಲ್ ಎಂಬ ಊರಿನ ರೇಡಿಯೋ ಕೇಳುತ್ತಿದ್ದರು. 1925ರಲ್ಲಿ ಶುರುವಾದ ಅದರ 'ಗ್ರ್ಯಾಂಡ್ ಓಲ್ ಆಪ್ರಿ' ಕಾರ್ಯಕ್ರಮ ನೂರು ವರ್ಷ ದಾಟಿದೆ. 1927ರಲ್ಲಿ ಎರಡು ರಾಜ್ಯಗಳ ಗಡಿಯ ಮೇಲಿರುವ ಬ್ರಿಸ್ಟಲ್ ಎಂಬ ಊರಿಗೆ ರಾಲ್ಫ್ ಪೀರ್ ಎಂಬವರು ರೆಕಾರ್ಡಿಂಗ್ ಯಂತ್ರ ತಂದರು. ಅಲ್ಲಿ ಹಾಡಿದ ಕಾರ್ಟರ್ ಕುಟುಂಬ ಮತ್ತು ರೈಲ್ವೆಯಲ್ಲಿ ದುಡಿದಿದ್ದ ಜಿಮ್ಮಿ ರಾಡ್ಜರ್ಸ್ ದೇಶಕ್ಕೆಲ್ಲ ಹೆಸರಾದರು. ಆ ಕಾರ್ಟರ್ ಕುಟುಂಬ 1936ರಲ್ಲಿ ಹಾಡಿದ್ದ ಒಂದು ಹಾಡನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಬಳಿಕ ಅಂಕಲ್ ಟುಪೆಲೊ ಎಂಬ ಹುಡುಗರ ತಂಡ ಎತ್ತಿಕೊಂಡಿತು. ಅವರ ಕೈಯಲ್ಲಿ ಅಬ್ಬರದ ಕರೆಂಟಿನ ಗಿಟಾರು. 1990ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ ಹೆಸರು 'ನೋ ಡಿಪ್ರೆಷನ್', ಅದು ಆ ಹಳೆಯ ಹಾಡಿನದೇ ಹೆಸರು. ಇಂಥ ಹಾಡುಗಳನ್ನು ಮೆಚ್ಚಿದವರು ಯಾರ ಹಾಡು ಹೇಗಿತ್ತು, ಯಾವ ಊರಿನ ಕಾರ್ಯಕ್ರಮ ಛಲೋ ಆಯಿತು ಎಂದು ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಿದ್ದರು. 1995ರಲ್ಲಿ ಅದೇ ಹೆಸರಿನ ಒಂದು ಪತ್ರಿಕೆಯೂ ಹುಟ್ಟಿತು. ಹಳೆಯ ಹಾಡು ಹೊಸಬರ ಬಾಯಲ್ಲಿ ಉಳಿಯಿತು. ಕೇಳುವವರ ಹರಟೆ ಪತ್ರಿಕೆಯಲ್ಲಿ ಉಳಿಯಿತು.

ಹರಟೆ ನಿಂತರೆ ಏನಾಗುತ್ತದೆ? ಹತ್ತನೆಯ ತರಗತಿಯ ಮಕ್ಕಳಿಗೆ ಕನ್ನಡ ಪುಸ್ತಕದ 'ಹಲಗಲಿ ಬೇಡರು' ಗೊತ್ತು. ಹಲಗಲಿ ನಮ್ಮ ಮುಧೋಳ ತಾಲೂಕಿನ ಊರು. 1857ರಲ್ಲಿ ಇಂಗ್ಲಿಷರು ಜನರ ಆಯುಧ ಕಸಿಯುವ ಕಾಯ್ದೆ ತಂದಾಗ, ಹತಾರ ಕೊಡುವುದಿಲ್ಲ ಎಂದು ಹಲಗಲಿಯ ಬೇಡರು ಎದ್ದು ನಿಂತರು. ದಂಡು ಬಂದು ಊರು ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿ, ಹಲಗಲಿಯಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಸರಕಾರದ ಕಾಗದದಲ್ಲಿ ಅವರು ಬಂಡುಕೋರರು. ಲಾವಣಿಯಲ್ಲಿ ಅವರು ಜಡಗ, ಬಾಲ, ಹನುಮ, ರಾಮ. ಹಾಡಿದವರು ಹಾಡಿದರು, ಕೇಳಿದವರು ಇನ್ನೊಮ್ಮೆ ಹಾಡು ಎಂದರು, ಒಂದು ಹೆಸರು ತಪ್ಪಿದರೆ ತಿದ್ದಿದರು. 1880ರ ದಶಕದಲ್ಲಿ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ನಮ್ಮ ಕಡೆಯ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಅವನಿಗೆ ಹಾಡು ಸಿಕ್ಕಿದ್ದು ಜನ ಅದನ್ನು ಬಿಡದೆ ಹಾಡಿಸಿಕೊಂಡು ಬಂದಿದ್ದರಿಂದ.

ಈಗ ಆ ಲಾವಣಿ ಪರೀಕ್ಷೆಯ ಪ್ರಶ್ನೆಯಾಗಿದೆ. ಮೊಮ್ಮಗ ಸಾರಾಂಶ ಬಾಯಿಪಾಠ ಮಾಡುತ್ತಿದ್ದ. ನೇಕಾರ ಗೆಳೆಯ, "ಸಾರಾಂಶ ಇರಲಿ, ಹಾಡು ಹೆಂಗೈತಿ ಗೊತ್ತೇನು?" ಎಂದು ತೊಡೆಯ ಮೇಲೆ ತಾಳ ಹಾಕಿ ಎತ್ತಿಕೊಂಡ. ಎಪ್ಪತ್ತು ದಾಟಿದ ದನಿ, ನಡುವೆ ಉಸಿರು ಸಿಕ್ಕಿಕೊಂಡಿತು. ಹುಡುಗ ಪುಸ್ತಕ ಮುಚ್ಚಿ ಫೋನಿನಲ್ಲಿ ರೆಕಾರ್ಡ್ ಮಾಡತೊಡಗಿದ. ಹಾಡು ಮುಗಿದ ಮೇಲೆ, "ಅಜ್ಜಾ, ಇಲ್ಲಿ ನೀವು ಒಂದು ಸಾಲು ಬಿಟ್ಟೀರಿ, ಪುಸ್ತಕದಾಗ ಐತಿ" ಎಂದ. ಗೆಳೆಯನಿಗೆ ಖುಷಿಯೋ ಖುಷಿ. "ನೋಡು, ಈಗ ನೀನೂ ನಮ್ಮ ಕಟ್ಟಿ ಮ್ಯಾಲ ಕೂಡಾಕ ಲಾಯಕ್ಕಾದಿ!" ಎಂದ.

ನಮ್ಮ ಕಟ್ಟೆಯಲ್ಲಿ ಒಂದು ಕಾಲಕ್ಕೆ ಏಳು ಜನ ಇದ್ದೆವು. ಈಗ ಮೂವರು. ಹೋದ ವರ್ಷ ಹೋದವನಿಗೆ ಪಾರಿಜಾತ ಅರ್ಧಕ್ಕರ್ಧ ಬಾಯಿಗೆ ಬರುತ್ತಿತ್ತು. ಯಾವ ಊರಿನ ಮೇಳದಲ್ಲಿ ಯಾರು ದೂತಿ, ಯಾವ ವರ್ಷದ ಜಾತ್ರೆಯಲ್ಲಿ ಯಾವ ಭಾಗವತ ಹಾಡಿದ ಎಂದು ದಿನಾಂಕ ಸಮೇತ ಹೇಳುತ್ತಿದ್ದ. ಅವನು ಹಾಡುಗಾರನಲ್ಲ, ಮಗ್ಗ ನಡೆಸಿ ಬದುಕಿದವನು. ಅವನ ಸಾವಿನ ಸುದ್ದಿ ಯಾವ ಪತ್ರಿಕೆಯ ಕಲೆಯ ಪುಟದಲ್ಲೂ ಬರಲಿಲ್ಲ. ಆದರೆ ಅವನ ಜೊತೆ ಎಷ್ಟು ಮೇಳಗಳ ಹೆಸರು ಹೋದವೋ! ಬಾಗಲಕೋಟೆಯ ಗೊಂಧಳಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಮಗೆಲ್ಲ ಹೆಮ್ಮೆಯಾಯಿತು. ಹಾಡುವವರಿಗೆ ಪ್ರಶಸ್ತಿ ಬರಲೇಬೇಕು. ಕೇಳುವವರಿಗೆ ಪ್ರಶಸ್ತಿ ಬೇಡ, ಪಕ್ಕದಲ್ಲಿ ಕುಳಿತು ವಾದ ಮಾಡುವ ಒಬ್ಬರು ಸಾಕು.

ಫೋನು ಬಂದ ಮೇಲೆ ಹಾಡು ಹೆಚ್ಚಾಗಿದೆ, ಪಕ್ಕದವರು ಕಡಿಮೆಯಾಗಿದ್ದಾರೆ. ಕಿವಿಗೆ ಸಿಕ್ಕಿಸಿಕೊಂಡು ಒಬ್ಬರೇ ಕೇಳಿದರೆ, ಆಹಾ ಎನ್ನುವುದು ಯಾರಿಗೆ? ಇದಲ್ಲ ಎನ್ನುವುದು ಯಾರ ಎದುರಿಗೆ?

ಮಕ್ಕಳೇ, ಈ ವಾರ ಒಂದು ಕೆಲಸ ಮಾಡಿ. ಹಳೆಯ ನೋಟುಪುಸ್ತಕ ಒಂದನ್ನು ಹಾಡಿನ ಪಾಸ್‌ಬುಕ್ ಮಾಡಿಕೊಳ್ಳಿ. ಅಜ್ಜ ಅಥವಾ ಅಜ್ಜಿಯ ಬಳಿ ಕುಳಿತು ಕೇಳಿ: ನೀವು ರಾತ್ರಿಯೆಲ್ಲ ಕುಳಿತು ಕೇಳಿದ ಮೇಳ ಯಾವುದು? ಹಾಡಿದವರ ಹೆಸರೇನು, ಊರು ಯಾವುದು? ಯಾವ ಹಾಡು ಇನ್ನೂ ನೆನಪಿದೆ? ತಾರೀಕು ಹಾಕಿ ಜಮೆ ಮಾಡಿ. ಆಮೇಲೆ ನಿಮ್ಮ ಮೆಚ್ಚಿನ ಒಂದು ಹಾಡನ್ನು ಅವರಿಗೆ ಕೇಳಿಸಿ.

ಅಜ್ಜ ಅಜ್ಜಿಯಂದಿರೇ, ಆ ಹಾಡನ್ನು ಕಡೆಯ ತನಕ ಕೇಳಿ. ಕೇಳಿದ ಮೇಲೆ ಬೇಕಾದಷ್ಟು ಜಗಳ ಮಾಡಿ.